ಹಿಮದೂರಿನ ಬಾಣಂತನ

ಡೆಸ್ ಪ್ಲೇನ್ಸ್
೧೨ ನವೆಂಬರ್ ೨೦೨೩

ಸ್ವರೂಪಾ,

ಮೂರು ತಿಂಗಳು ತುಂಬಿತು ಅಂತ ನೀನು ಬರೆದದ್ದನ್ನು ಓದಿ ಮೊದಲು ದೇವರ ಮುಂದೆ ದೀಪ ಹಚ್ಚಿದೆ. ಆಮೇಲೆ ಹೆದರಿಕೊಂಡು ಕುಳಿತೆ. ನಲವತ್ತರ ಹತ್ತಿರ ಬಂದು ಮೊದಲನೆಯದು. ನಿನ್ನ ಓರಗೆಯವರ ಮಕ್ಕಳು ಕಾರು ಕಲಿಯುತ್ತಿವೆ. ನೋಯಲಿ ಅಂತ ಬರೆಯಲಿಲ್ಲ, ನೆನಪಾಯಿತು, ಬರೆದೆ.

ಫೋನು ಮಾಡುವುದು ಬಿಟ್ಟು ಕಾಗದ ಯಾಕೆ ಅಂತ ಕೇಳಿದ್ದಿ. ಈ ಮನೆಯಲ್ಲಿ ಫೋನೆಂದರೆ ಡೈನಿಂಗ್ ಟೇಬಲ್ಲಿನ ಮೇಲೆ ಸ್ಪೀಕರ್ ಹಾಕಿ ಇಡುವ ವಸ್ತು. ನಾನು "ಹ್ಞೂಂ" ಅಂದರೂ ನಿನ್ನ ತಮ್ಮನ ಹೆಂಡತಿ ತಿರುಗಿ ನೋಡುತ್ತಾಳೆ. ಚೇತನಾ ಇಲ್ಲೇ ಷಿಕಾಗೋದಲ್ಲಿ ಹುಟ್ಟಿದವಳು, ಈರೇಶ ಎರಡನೆಯ ಇಯತ್ತೆಗೇ ಗದಗು ಬಿಟ್ಟವನು. ಕನ್ನಡದಲ್ಲಿ ಬರೆದದ್ದಕ್ಕೆ ಈ ಮನೆಯಲ್ಲಿ ಬೀಗ ಬೇಕಿಲ್ಲ.

ನೀನು ಕಳಿಸಿದ ನಿಮ್ಮೂರಿನ ಬಣ್ಣದ ಹಾಳೆ ನೋಡಿದೆ. ಪೋರ್ಟ್ ಹಾಲೆಟ್‌ಗೆ ಯಾಕೆ ಬರಬೇಕು ಅಂತ ಅದರಲ್ಲಿ ಚಿತ್ರ ಹಾಕಿ ಹೇಳಿದ್ದಾರೆ. ಹಿಮನದಿಯಂತೆ. ನೀಲಿಯಂತೆ. ಅದು ಮುರಿದು ಸಮುದ್ರಕ್ಕೆ ಬೀಳುವಾಗ ಗುಡುಗಿದ ಹಾಗೆ ಸದ್ದಾಗುತ್ತದಂತೆ, ಅದನ್ನು ನೋಡಲು ಜನ ಹಡಗು ತುಂಬಿ ಬರುತ್ತಾರಂತೆ. ಮುರಿದು ಬೀಳುವುದನ್ನು ನೋಡಲು ಟಿಕೆಟ್ ತೆಗೆದು ಹೋಗುವುದು ನನಗೆ ತಿಳಿಯಲಿಲ್ಲ. ಬಸುರಿ ಹೆಂಗಸು ಅಂಥದ್ದನ್ನು ಕಿಟಕಿಯಲ್ಲಿ ನೋಡುತ್ತ ಕೂಡಬಾರದು, ಪರದೆ ಹಾಕಿಕೋ.

ಕರಡಿಯ ಚಿತ್ರ ಹಾಕಿ ನಗುವ ಹಾಗೆ ಬರೆದಿದ್ದಾರೆ. ಸಮುದ್ರ ಏರಿ ಬಂದರೆ ಕೂಗಲು ಸೈರನ್ ಇದೆಯೆಂದು ನೀನೇ ಒಮ್ಮೆ ಹೇಳಿದ್ದಿ. ಸೈರನ್ ಕೂಗಿದರೆ ಹೊಟ್ಟೆ ಹೊತ್ತುಕೊಂಡು ಗುಡ್ಡ ಹತ್ತುತ್ತೀಯಾ? ಊರಿಗೆಲ್ಲ ನೀನೊಬ್ಬಳೇ ಡಾಕ್ಟರು. ನಿನಗೇ ನೋವು ಬಂದರೆ ನಿನ್ನ ನಾಡಿ ನೀನೇ ಹಿಡಿದುಕೊಂಡು ನೋಡುವುದೋ? ಊರಿಗೆ ರಸ್ತೆಯಿಲ್ಲ, ದೋಣಿ, ಇಲ್ಲವೆ ಸಣ್ಣ ವಿಮಾನ. ರಸ್ತೆಯಿಲ್ಲದ ಊರಿಗೆ ಹೆಣ್ಣು ಯಾಕೆ ಕೊಟ್ಟಿರಿ ಅಂತ ಇಲ್ಲಿಯವರು ಕೇಳಿದರೆ, ಕೊಟ್ಟಿಲ್ಲ, ತಾನೇ ಹೋದಳು ಅನ್ನುತ್ತೇನೆ.

ನಾನು ಬರುವುದು ಆಗಲಿಕ್ಕಿಲ್ಲ. ಮೊಣಕಾಲು ಸರಿಯಿಲ್ಲ. ಮೊಮ್ಮಗ ಸಣ್ಣವನು, ಇವರಿಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಒಲೆ ಆರಿಸಿದೆನೋ ಇಲ್ಲವೋ, ನೋಡಿ ಬರುತ್ತೇನೆ.

ಆರಿಸಿದ್ದೆ. ಬಿಸಿ ನೀರು ಕುಡಿ. ಭಾರ ಎತ್ತಬೇಡ.

ನಿನ್ನ ಅವ್ವ,
ಮಲ್ಲಮ್ಮ


ಪೋರ್ಟ್ ಹಾಲೆಟ್, ಅಲಾಸ್ಕಾ
೨೯ ನವೆಂಬರ್ ೨೦೨೩

ಅವ್ವಾ,

ನಿನ್ನ ಕಾಗದ ಬಂತು. ಬಸುರಾದವಳಿಗೆ ಬರೆದದ್ದೋ, ಸತ್ತವಳ ಮನೆಗೆ ಬರೆದದ್ದೋ ಅಂತ ಡ್ಯಾನ್ ಕೇಳಿದ. ನಾನು ಅವನಿಗೆ ಓದಿ ಹೇಳುವಾಗ ಅರ್ಧ ಬಿಟ್ಟೇ ಹೇಳಿದ್ದೆ.

ಆ ಹಾಳೆ ಹಡಗಿನಲ್ಲಿ ಬರುವವರಿಗೆ ಮಾಡಿದ್ದು. ಅವರು ಮಧ್ಯಾಹ್ನ ಇಳಿದು, ಐಸ್ ಕ್ರೀಮ್ ತಿಂದು, ಸಂಜೆ ಹತ್ತಿ ಹೋಗುತ್ತಾರೆ. ನಿನಗೆ ನನ್ನ ಕಾರಣಗಳು ಬೇರೆ. ಇಲ್ಲಿ ಗದಗಿನ ಕಾಗೆಗಳ ಹಾಗೆ ಹದ್ದುಗಳು ಕಸದ ಡಬ್ಬಿಯ ಮೇಲೆ ಕೂತಿರುತ್ತವೆ, ನೀನು ಬೈದು ಓಡಿಸಬಹುದು. ಬಂದರಿನಲ್ಲಿ ನೀರುನಾಯಿಗಳು ಮರಿಗಳನ್ನು ಎದೆಯ ಮೇಲೆ ಮಲಗಿಸಿಕೊಂಡು ತೇಲುತ್ತವೆ. ಬೇಸಿಗೆಯಲ್ಲಿ ಕತ್ತಲಾಗುವುದೇ ಇಲ್ಲ, ಕಳ್ಳರ ಹೆದರಿಕೆಯಿಂದ ಎದ್ದೆದ್ದು ಬಾಗಿಲು ನೋಡುವವಳಿಗೆ ಇದಕ್ಕಿಂತ ಒಳ್ಳೆಯ ಊರು ಯಾವುದು?

ಹೆರಿಗೆ ಇಲ್ಲಿ ಆಗುವುದಿಲ್ಲ. ತಿಂಗಳು ಮುಂಚೆಯೇ ಆಂಕರೇಜಿನ ಆಸ್ಪತ್ರೆಯ ಹತ್ತಿರ ಹೋಗಿ ಇರಬೇಕು, ಹೆತ್ತು ವಾಪಸು ಬರಬೇಕು. ವಾಪಸು ಬಂದ ಮೇಲೆ ನನಗೆ ಯಾರೂ ಇಲ್ಲ. ಡ್ಯಾನ್ ದೋಣಿಯ ಎಂಜಿನ್ ಬಿಚ್ಚಿ ಜೋಡಿಸುತ್ತಾನೆ, ಕೂಸಿಗೆ ಎರೆಯುವುದು ಅವನಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಏಳನೆಯ ತಿಂಗಳಿಗೆ ಕುಬುಸ ಮಾಡುವುದು ತವರುಮನೆ ಅಂತ ನೀನೇ ಹೇಳುತ್ತಿದ್ದಿ. ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬುವುದು ತಾಯಿ. ನಾನು ಕೇಳುತ್ತಿರುವುದು ಅಷ್ಟೇ. ಹಿಮನದಿಗೆ ಬೆನ್ನು ಮಾಡಿ ಕೂಡು, ಯಾರೂ ಏನೂ ಅನ್ನುವುದಿಲ್ಲ.

ಬರಲು ಮನಸ್ಸಿಲ್ಲ ಅಂದರೆ ಮೊಣಕಾಲಿನ ಹೆಸರು ಹೇಳಬೇಡ. ಅಪ್ಪ ನನ್ನ ಗಂಡನ ಮುಖ ನೋಡದೇ ಸತ್ತ. ಅವನ ಹಟವನ್ನು ಈಗ ನೀನು ಹೊತ್ತುಕೊಂಡಿದ್ದರೆ ಹಾಗಂತ ಬರೆ. ನಾನೂ ನನ್ನ ಕೂಸಿಗೆ ಅಜ್ಜಿ ಇಲ್ಲ ಅಂತ ಹೇಳಿ ಬೆಳೆಸುತ್ತೇನೆ.

ಸ್ವರೂಪ


ಡೆಸ್ ಪ್ಲೇನ್ಸ್
೧೭ ಡಿಸೆಂಬರ್ ೨೦೨೩

ಸ್ವರೂಪಾ,

ಇವರೆಲ್ಲ ಲೆಮಾಂಟ್ ಗುಡಿಗೆ ಹೋಗಿದ್ದಾರೆ. ಕಾಲು ನೋವು ಅಂತ ಹೇಳಿ ಉಳಿದೆ. ನಿಜ ಹೇಳು ಅಂದಿ, ಹೇಳುತ್ತೇನೆ.

ನಿನ್ನ ಅಪ್ಪನ ಹಟ ನನಗಿಲ್ಲ. ಅವರು ಇದ್ದಾಗಲೂ ಇರಲಿಲ್ಲ, ಹೇಳುವ ಧೈರ್ಯ ಇರಲಿಲ್ಲ ಅಷ್ಟೇ. ನಾನು ಬರಲಾರದ್ದು ನನ್ನ ಕೈಗುಣದ ಸಲುವಾಗಿ.

ಅಪ್ಪ ಹೋದ ಮರುವರ್ಷ ಈ ಮನೆಯಲ್ಲಿ ಚೇತನಾಳ ಕುಬುಸ ಆಯಿತು. ಅವಳ ತಾಯಿ ರುದ್ರಮ್ಮ ಸ್ಕೋಕಿಯಿಂದ ಬುಟ್ಟಿ ಬುಟ್ಟಿ ಹೊರಿಸಿಕೊಂಡು ಬಂದಿದ್ದಳು. ನಾನು ನನ್ನ ಮೊದಲ ಮೊಮ್ಮಗು ಅಂತ ಒಂದು ತೆಂಗಿನಕಾಯಿ, ಒಂದು ಹಿಡಿ ಅಕ್ಕಿ ಇಟ್ಟುಕೊಂಡು ಕಾಯುತ್ತಿದ್ದೆ. ಎಲ್ಲರೂ ಉಡಿ ತುಂಬುವಾಗ ನಾನು ಎದ್ದೆ. ರುದ್ರಮ್ಮ ನಗುನಗುತ್ತಲೇ, "ಬೀಗತ್ಯಾರ, ನೀವು ಸೋಫಾದ ಮ್ಯಾಗ ಆರಾಮ ಕುಂದರ್ರಿ. ಮುತ್ತೈದೇರು ಇಷ್ಟು ಮಂದಿ ಇದ್ದೀವಲ್ಲ, ನಾವು ಮಾಡ್ತೀವಿ" ಅಂದಳು. ಮಂದಿಯೆಲ್ಲ ನನ್ನ ಬರಿ ಕೊರಳು ನೋಡಿದರು. ಕುಳಿತೆ.

ಆಮೇಲೆ ಚೇತನಾ ನೀರು ಕುಡಿಯಲು ಅಡುಗೆಮನೆಗೆ ಬಂದಳು. ನಾನು ಸುಮ್ಮನಿರಬೇಕಿತ್ತು. "ನನ್ನ ಪಾಲಿಂದು ಇಷ್ಟು" ಅಂತ ಕಾಯಿ, ಅಕ್ಕಿ ಅವಳ ಸೆರಗಿಗೆ ಹಾಕಿದೆ. ಅವಳು ನಕ್ಕು, "ಥ್ಯಾಂಕ್ಸ್ ಅತ್ತಿ" ಅಂದಳು. ಮುಂದಿನ ತಿಂಗಳು ಕೂಸು ಹೊಟ್ಟೆಯಲ್ಲೇ ಹೋಯಿತು. ಗಂಡು. ಆಸ್ಪತ್ರೆಯ ಹೊರಗೆ ಕುರ್ಚಿಯ ಮೇಲೆ ಕುಳಿತಿದ್ದೆ. ರುದ್ರಮ್ಮ ಬಂದು ನನ್ನ ಮುಂದೆ ನಿಂತು, "ಸಮಾಧಾನ ಆತೇನ್ರಿ ನಿಮಗ?" ಅಂತ ಕೇಳಿದಳು.

ಎರಡನೆಯ ಸಲ ಬಸುರಾದಾಗ ಈರೇಶ ನನ್ನನ್ನು ಡೆಟ್ರಾಯಿಟಿನ ಹತ್ತಿರ ಟ್ರಾಯ್‌ನಲ್ಲಿರುವ ನಿನ್ನ ಚಿಗವ್ವ ಲತಾಶ್ರೀಯ ಮನೆಗೆ ಬಿಟ್ಟು ಬಂದ. "ಹವಾ ಚೇಂಜ್ ಆಗ್ತದ ಅವ್ವ" ಅಂದ. ಷಿಕಾಗೋದವರು ಡೆಟ್ರಾಯಿಟಿಗೆ ಹವಾ ಬದಲಿಸಲು ಹೋಗುತ್ತಾರೆಯೇ? ಲತಾಶ್ರೀ ಏನೂ ಕೇಳಲಿಲ್ಲ, ಕೇಳದೇ ಇದ್ದದ್ದರಿಂದ ಅವಳಿಗೂ ಗೊತ್ತಿದೆ ಅಂತ ತಿಳಿಯಿತು. ನಾನಿಲ್ಲದ ಮನೆಯಲ್ಲಿ ಕೂಸು ಚಂದಾಗಿ ಹುಟ್ಟಿತು. ಕರೆದುಕೊಂಡು ಬಂದಾಗ ಅದಾಗಲೇ ಕತ್ತು ನಿಲ್ಲಿಸಿತ್ತು.

ಈಗ ಬಾಟಲಿ ತೊಳೆಯುತ್ತೇನೆ, ಬಟ್ಟೆ ಮಡಚುತ್ತೇನೆ. ಚೇತನಾ ಕೆಟ್ಟವಳಲ್ಲ, ಒಂದು ಮಾತೂ ಅಂದಿಲ್ಲ. ಆದರೆ ಅವಳು ಕಾರು ತೆಗೆಯುವಾಗ ನಾನು ಕಿಟಕಿಯಲ್ಲಿ ಕಂಡರೆ ಗಾಡಿ ನಿಲ್ಲಿಸಿ ಏನೋ ಹುಡುಕಿದ ಹಾಗೆ ಮಾಡುತ್ತಾಳೆ. ನಾನು ಒಳಗೆ ಸರಿದ ಮೇಲೆ ಹೊರಡುತ್ತಾಳೆ.

ನೀನು ಡಾಕ್ಟರು, ನಗುತ್ತಿ. ನಗು. ನಾನು ಅಷ್ಟು ದೂರ ಬಂದು ನಿನಗೆ ಹಾಗೇನಾದರೂ ಆದರೆ, ಆಮೇಲೆ ನಾನು ಯಾರ ಮನೆಯಲ್ಲಿ ಇರಲಿ?

ನಿನ್ನ ಅವ್ವ,
ಮಲ್ಲಮ್ಮ


ಪೋರ್ಟ್ ಹಾಲೆಟ್
೬ ಜನವರಿ ೨೦೨೪

ಅವ್ವಾ,

ನಗಲಿಲ್ಲ. ಮೂರು ಸಲ ಓದಿದೆ.

ಸಿಟ್ಟಿಗೆ ಈರೇಶನಿಗೆ ಫೋನು ಮಾಡಿದೆ. ನಿನ್ನ ಹೆಸರು ಎತ್ತಲಿಲ್ಲ, ಹೆದರಬೇಡ. ನನ್ನ ಬಸುರಿನ ನೆಪ ಹೇಳಿ ಚೇತನಾಳ ಮೊದಲ ಕೂಸಿಗೆ ಏನಾಗಿತ್ತು ಅಂತ ಕೇಳಿದೆ. ಹೊಕ್ಕುಳ ಬಳ್ಳಿಗೆ ಗಂಟು ಬಿದ್ದಿತ್ತು. ಕೂಸು ಸಣ್ಣದಿದ್ದಾಗ ಹೊರಳಾಡುತ್ತ ಬೀಳುವ ಗಂಟು ಅದು. ಅಂದರೆ ಕುಬುಸದ ಎಷ್ಟೋ ಮುಂಚೆ ಬಿದ್ದದ್ದು. ನಿನ್ನ ತೆಂಗಿನಕಾಯಿ ಆಗ ಅಂಗಡಿಯಲ್ಲಿತ್ತು. ಇದು ಈರೇಶನಿಗೆ ಗೊತ್ತು, ಚೇತನಾಳಿಗೂ ಗೊತ್ತು. ಔಷಧದಂಗಡಿಯಲ್ಲಿ ಬಿಳಿ ಕೋಟು ಹಾಕಿಕೊಂಡು ನಿಲ್ಲುವವಳು ಅವಳು!

"ಮತ್ತ ಅವ್ವನ್ನ ಯಾಕ ಟ್ರಾಯ್‌ಗೆ ಕಳಿಸಿದ್ಯೋ?" ಅಂದೆ. ನಿನ್ನ ಮಗ ಏನಂದ ಗೊತ್ತೇ? "ಐ ನೋ, ಅಕ್ಕಾ. ಐ ನೋ. ಬಟ್ ವೈ ಟೇಕ್ ಅ ಚಾನ್ಸ್?"

ಇಂಜಿನಿಯರನಂತೆ. ವಿಮಾನದಲ್ಲಿ ಹೋಗುವ ಸರಕಿಗೆ ಲೆಕ್ಕ ಹಾಕುವವನಂತೆ. ತಾಯಿಯನ್ನು ಅಪಶಕುನದ ಬೆಕ್ಕಿನ ಹಾಗೆ ಬೇರೆ ಊರಿಗೆ ಬಿಟ್ಟು ಬರಲು ಅವನಿಗೆ ನಾಚಿಕೆಯಾಗಲಿಲ್ಲ. ಆ ರುದ್ರಮ್ಮ ನನ್ನ ಕೈಗೆ ಸಿಗಬೇಕು. ಅವಳ ಕೊರಳಿನ ತಾಳಿಗೆ ಅಷ್ಟು ಶಕ್ತಿ ಇದ್ದರೆ ಅವಳ ಗಂಡನ ಬಾಯಿಗೆ ಬಾಟಲಿ ಹತ್ತದ ಹಾಗೆ ಮಾಡಿಕೊಳ್ಳಲಿ ಮೊದಲು.

ನೀನು ಬರಬೇಕು. ಈಗ ಬಂದೇ ಬರಬೇಕು. ನನ್ನ ಉಡಿಯನ್ನು ನಿನ್ನ ಕೈಯೇ ತುಂಬಬೇಕು, ಬೇರೆ ಯಾರ ಕೈಯೂ ಬೇಡ. ಕೈ ಅಂದರೆ ಎಲುಬು, ಚರ್ಮ, ರಕ್ತ. ನಾನು ಕತ್ತರಿಸಿ ನೋಡಿದವಳು ಹೇಳುತ್ತಿದ್ದೇನೆ, ಒಳಗೆ ಬೇರೇನೂ ಇರುವುದಿಲ್ಲ.

ಸ್ವರೂಪ


ಡೆಸ್ ಪ್ಲೇನ್ಸ್
೨೮ ಜನವರಿ ೨೦೨೪

ಸ್ವರೂಪಾ,

ನಿನ್ನ ಕಾಗದವನ್ನು ದಿಂಬಿನ ಕೆಳಗಿಟ್ಟುಕೊಂಡಿದ್ದೇನೆ. ಗಂಟಿನ ಮಾತು ಓದುವಾಗ ಹೌದು ಅನ್ನಿಸುತ್ತದೆ. ಮಡಚಿ ಇಟ್ಟ ಕೂಡಲೇ ಅಲ್ಲ ಅನ್ನಿಸುತ್ತದೆ. ಎಂಟನೆಯ ಇಯತ್ತೆ ಮುಗಿಯುವ ಮೊದಲೇ ಶಾಲೆ ಬಿಡಿಸಿದರು, ನನ್ನ ತಲೆಯಲ್ಲಿ ಒಂದು ಮಾತು ಬಹಳ ಹೊತ್ತು ನಿಲ್ಲುವುದಿಲ್ಲ, ಹೆದರಿಕೆ ಮಾತ್ರ ನಿಲ್ಲುತ್ತದೆ.

ಸಂಕ್ರಾಂತಿಯ ಭಾನುವಾರ ಲೆಮಾಂಟ್ ಗುಡಿಗೆ ಹೋಗಿದ್ದೆವು. ಹೊರಗೆ ಸೊನ್ನೆಗಿಂತ ಕೆಳಗೆ ಚಳಿ, ಶೂ ಬಿಡುವ ಜಾಗದಲ್ಲೆಲ್ಲ ಉಪ್ಪಿನ ನೀರು. ಕೆಳಗಿನ ಊಟದ ಹಾಲ್‌ನಲ್ಲಿ ನಾನು ಎಳ್ಳು ಬೆಲ್ಲದ ಪೊಟ್ಟಣ ಕಟ್ಟುತ್ತಿದ್ದೆ. ಒಬ್ಬ ಬಸುರಿ ಹುಡುಗಿ ಬಂದು ಪಕ್ಕದಲ್ಲಿ ಕುಳಿತಳು. ಮೈಸೂರಿನ ಕಡೆಯವಳು, ಧೃತಿ ಅಂತ. ಬ್ಯಾಗಿನಿಂದ ಹಸಿರು ಬಳೆಯ ಡಬ್ಬಿ ತೆಗೆದು, "ಆಂಟಿ, ನಮ್ಮಮ್ಮಂಗೆ ವೀಸಾನೇ ಸಿಗ್ಲಿಲ್ಲ. ಇಲ್ಲಿ ನಂಗ್ಯಾರೂ ಇಲ್ಲ. ದೊಡ್ಡೋರು ಅಂತ ಕೇಳ್ತಿದೀನಿ, ಒಂಚೂರು ಬಳೆ ತೊಡಿಸಿಬಿಡ್ತೀರಾ, ಪ್ಲೀಸ್?" ಅಂದಳು.

ನಾನು ಸ್ವೆಟರ್ ಮೇಲೆ ಕೋಟು ಹಾಕಿದ್ದೆ, ಕೊರಳು ಕಾಣುತ್ತಿರಲಿಲ್ಲ. ಹಣೆಯಲ್ಲಿ ವಿಭೂತಿ ಇತ್ತು. ನಮ್ಮ ಕಡೆಯವರಾಗಿದ್ದರೆ ವಿಭೂತಿಯ ಕೆಳಗೆ ಕುಂಕುಮ ಇಲ್ಲದ್ದನ್ನು ದೂರದಿಂದಲೇ ನೋಡಿ ಸರಿದು ಹೋಗುತ್ತಿದ್ದರು. ಅವಳಿಗೆ ತಿಳಿಯಲಿಲ್ಲ. ಇವರು ಹಚ್ಚಿಕೊಳ್ಳುವುದೇ ಹೀಗೆ ಅಂದುಕೊಂಡಿರಬೇಕು.

ಇಲ್ಲ ತಂಗಿ, ನಾನಲ್ಲ ಅನ್ನಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ನೀನು ಬರೆದ ಮಾತು ನೆನಪಾಯಿತು. ನೋಡೋಣ ಅನ್ನಿಸಿತು, ಸ್ವರೂಪಾ. ಇವಳಿಗೆ ಏನೂ ಆಗದಿದ್ದರೆ ನಿನಗೂ ಏನೂ ಆಗುವುದಿಲ್ಲ. ತೊಡಿಸಿದೆ. ಎರಡೂ ಕೈಗೆ. ಅವಳು ನನ್ನ ಕಾಲು ಮುಟ್ಟಿದಳು, ಅವಳ ಗಂಡ ಶ್ರೀಕಾಂತ್ ಫೋಟೋ ತೆಗೆದ.

ಅಂದಿನಿಂದ ನನಗೆ ಊಟ ಸೇರುವುದಿಲ್ಲ. ಅವಳ ನಂಬರು ಇಸಿದುಕೊಂಡಿದ್ದೇನೆ. ಆಗಾಗ ಫೋನು ಮಾಡಿ "ಕೂಸು ಆಡ್ತದೇನವ್ವ?" ಅಂತ ಕೇಳುತ್ತೇನೆ. "ಎಷ್ಟು ಕೇರ್ ಮಾಡ್ತೀರಾ ಆಂಟಿ ನೀವು!" ಅಂತಾಳೆ. ಮಾರ್ಚ್ ಮೊದಲಿಗೆ ಅವಳ ದಿನ.

ನಿನ್ನ ಅವ್ವ,
ಮಲ್ಲಮ್ಮ


ಪೋರ್ಟ್ ಹಾಲೆಟ್
೧೪ ಫೆಬ್ರವರಿ ೨೦೨೪

ಅವ್ವಾ,

ಅಂದರೆ ಹೊಸ ಔಷಧವನ್ನು ಮೊದಲು ಇಲಿಗೆ ಕೊಟ್ಟು ನೋಡುವ ಹಾಗೆ, ನನಗೆ ಬರುವ ಮೊದಲು ಊರವರ ಮಗಳ ಮೇಲೆ ನೋಡಿದಿ. ಓದಿ ಮೈ ಜುಮ್ಮೆಂದಿತು. ಆಮೇಲೆ ಎಷ್ಟು ನಕ್ಕೆನೆಂದರೆ ಕೂಸು ಒದೆಯಿತು.

ಆ ಹುಡುಗಿಗೆ ಏನೂ ಆಗುವುದಿಲ್ಲ. ಆದರೂ ಅದು ನಿನ್ನ ಕೈಯಲ್ಲ. ಆಗದಿದ್ದರೂ ನಿನ್ನ ಕೈಯಲ್ಲ. ಬರೆದಿಟ್ಟುಕೋ.

ಏಪ್ರಿಲ್ ಮೂರನೆಯ ವಾರಕ್ಕೆ ಟಿಕೆಟ್ ತೆಗೆದಿದ್ದೇನೆ. ಓಹೇರ್‌ನಿಂದ ಸಿಯಾಟಲ್, ಅಲ್ಲಿಂದ ಆಂಕರೇಜ್. ಸಿಯಾಟಲ್‌ನಲ್ಲಿ ಗಾಲಿಕುರ್ಚಿ ಹೇಳಿದ್ದೇನೆ. ನಡೆಯುತ್ತೇನೆ ಅಂತ ಹಟ ಮಾಡಬೇಡ.

ಸ್ವರೂಪ


ಡೆಸ್ ಪ್ಲೇನ್ಸ್
೫ ಮಾರ್ಚ್ ೨೦೨೪

ನನ್ನ ಬಂಗಾರ ಸ್ವರೂಪಾ,

ಧೃತಿ ಹೆತ್ತಳು! ಗಂಡು. ತಾಯಿ, ಕೂಸು ಇಬ್ಬರೂ ಚೆನ್ನಾಗಿದ್ದಾರೆ. ಶ್ರೀಕಾಂತ್ ಪೇಡೆಯ ಡಬ್ಬಿ ಹಿಡಿದು ಮನೆಗೇ ಬಂದಿದ್ದ. "ನಿಮ್ಮ ಕೈ ತುಂಬಾ ಒಳ್ಳೇದು ಆಂಟಿ" ಅಂತ ಚೇತನಾಳ ಎದುರಿಗೇ ಅಂದ. ಚೇತನಾ ಡಬ್ಬಿ ಇಸಿದುಕೊಂಡು ಒಳಗೆ ಹೋದಳು. ಅವಳ ಮುಖ ನೋಡಬೇಕಿತ್ತು ನೀನು. ರುದ್ರಮ್ಮನೂ ಅಂದು ಇಲ್ಲೇ ಇದ್ದಳು. ನಾನೇ ಒಂದು ಪೇಡೆ ತೆಗೆದು, "ತಿನ್ರಿ ಬೀಗತ್ಯಾರ, ನಾ ಬಳಿ ತೊಡಿಸಿದ ಹುಡುಗಿ ಗಂಡು ಹಡದಾಳ" ಅಂತ ಕೊಟ್ಟೆ. ತಿಂದಳು. ತಿನ್ನದೇ ಏನು ಮಾಡುತ್ತಾಳೆ, ಗಂಟಲಲ್ಲಿ ಸಿಕ್ಕಿತು, ನೀರು ಕೊಟ್ಟೆ.

ನಾನು ಬರುತ್ತೇನೆ. ಎಲ್ಲರಿಗೂ ಹೇಳಿಬಿಟ್ಟಿದ್ದೇನೆ, ಟ್ರಾಯ್‌ನ ಲತಾಶ್ರೀಗೂ ಹೇಳಿದೆ. "ಅಕ್ಕಾ, ನೀ ಒಬ್ಬಾಕಿನ ಹೋಗಾಕಿ?" ಅಂತ ಫೋನಿನಲ್ಲೇ ಅತ್ತಳು. ಹಿಮನದಿಯ ಮುಂದೆ ನಿಲ್ಲಿಸಿ ನನ್ನದೊಂದು ಫೋಟೋ ತೆಗೆಸು, ಇವರಿಗೆ ತೋರಿಸಬೇಕು. ಕರಡಿ ಮನೆಯ ಹತ್ತಿರ ಬರುವುದಿಲ್ಲ ತಾನೇ? ಕೇಳಿದೆ ಅಷ್ಟೇ. ಸಣ್ಣ ವಿಮಾನದಲ್ಲಿ ಕಿಟಕಿ ತೆರೆದುಕೊಂಡು ಬಿಟ್ಟರೆ ಅಂತ ಒಂದು ಯೋಚನೆ ಬರುತ್ತದೆ, ಅದನ್ನು ಹತ್ತಿರ ಬಿಡುವುದಿಲ್ಲ.

ನಾನು ಬರುವುದರೊಳಗೆ ಏಳನೆಯ ತಿಂಗಳು ದಾಟುತ್ತದೆ. ಅದಕ್ಕೆ ಇಳಕಲ್ಲಿನ ಹಸಿರು ಸೀರೆ, ಬಳೆ, ಉಡಿಯಕ್ಕಿ, ಒಣಕೊಬ್ಬರಿ ಪಾರ್ಸೆಲ್ ಮಾಡಿದ್ದೇನೆ. ಎಲ್ಲ ನನ್ನ ಕೈಯಿಂದ ಕಟ್ಟಿದ್ದು. ಅಕ್ಕಿಯಲ್ಲಿ ಕೈಯಿಟ್ಟು ನಿನ್ನ ಹೆಸರು ಹೇಳಿ ಕಟ್ಟಿದೆ. ಉಟ್ಟುಕೊಂಡು, ತೊಟ್ಟುಕೊಂಡು, ಉಡಿಯಲ್ಲಿ ಹಾಕಿಕೋ. ನಾನೇ ತುಂಬಿದ ಹಾಗೆ.

ನಿನ್ನ ಅವ್ವ


ಆಂಕರೇಜ್
೨೩ ಮಾರ್ಚ್ ೨೦೨೪

ಅವ್ವಾ,

ಮೊದಲು ಇದು ಓದಿಕೋ: ಕೂಸು ಹೊಟ್ಟೆಯಲ್ಲಿ ಆಡುತ್ತಿದೆ. ನಾನು ಆಸ್ಪತ್ರೆಯಲ್ಲಿದ್ದೇನೆ. ಈರೇಶನಿಗೆ ಗೊತ್ತು. ನಿನಗೆ ಹೇಳಬೇಡ ಅಂತ ನಾನೇ ಅಂದಿದ್ದೆ.

ನಿನ್ನ ಪಾರ್ಸೆಲ್ ಬಂದ ದಿನ ಸೀರೆ ಉಟ್ಟೆ, ಬಳೆ ತೊಟ್ಟೆ. ಅಕ್ಕಿ ಉಡಿಯಲ್ಲಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಚೆನ್ನಾಗಿ ಕಾಣುತ್ತಿದ್ದೆ. ಮರುದಿನ ಕ್ಲಿನಿಕ್ಕಿನಲ್ಲಿ ಒಬ್ಬ ಮೀನುಗಾರನ ಕೈಗೆ ಹೊಲಿಗೆ ಹಾಕುತ್ತಿದ್ದೆ, ಕಾಲಿಗೆ ಬಿಸಿ ತಾಗಿತು. ನೋಡಿದರೆ ರಕ್ತ. ಗಾಳಿಗೆ ವಿಮಾನ ಇಳಿಯಲಾಗಲಿಲ್ಲ. ಹೆಲಿಕಾಪ್ಟರ್ ಬರುವ ತನಕ ನನ್ನದೇ ಕ್ಲಿನಿಕ್ಕಿನ ಮೇಜಿನ ಮೇಲೆ ಮಲಗಿ, ನನ್ನ ನರ್ಸಿಗೆ ಏನು ಮಾಡಬೇಕೆಂದು ನಾನೇ ಹೇಳುತ್ತಿದ್ದೆ. ಆ ಹೊತ್ತು ಕೂಸು ಆಡಲಿಲ್ಲ.

ಮಾಸು, ಅಂದರೆ ಪ್ಲಾಸೆಂಟಾ, ಕೆಳಗೆ ಗರ್ಭದ ಬಾಯಿಯ ಮೇಲೆ ಕೂತಿದೆ, ಅಂಚು ಸ್ವಲ್ಪ ಬಿಟ್ಟಿದೆ. ಜನವರಿಯ ಸ್ಕ್ಯಾನಿನಲ್ಲೇ ಕಂಡಿತ್ತು. ತಾನಾಗಿ ಮೇಲೆ ಸರಿಯುತ್ತದೆ ಅಂದುಕೊಂಡು ನಾನೇ ನಿನಗೆ ಹೇಳಿರಲಿಲ್ಲ. ಪಾರ್ಸೆಲ್ಲಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಕಾರಣ ನನಗೆ ಗೊತ್ತಿದೆ. ಬೇಕೆಂದರೆ ಚಿತ್ರ ಬರೆದು ತೋರಿಸುತ್ತೇನೆ.

ಆದರೂ ಬರಬೇಡ.

ಐವಿ ಹಾಕಲು ನರ್ಸು ಬಳೆಗಳನ್ನು ಮೆಲ್ಲಗೆ ತೆಗೆಯುತ್ತಿದ್ದಳು. ನಾನು ತಾಳಲಿಲ್ಲ, ಕೈಯನ್ನು ಮಂಚದ ಕಂಬಿಗೆ ಹೊಡೆದು ಎಲ್ಲ ಒಡೆದೆ. ಸೀರೆಯನ್ನು ಮನೆಯಿಂದ ಹೊರಗೆ ಹಾಕು ಅಂತ ಡ್ಯಾನ್‌ಗೆ ಹೇಳಿದೆ. ಯಾಕೆ ಅಂತ ಕೇಳಿದ. ಏನಂತ ಹೇಳಲಿ? ಅವನ ಭಾಷೆಯಲ್ಲಿ ಇದಕ್ಕೆ ಮಾತಿಲ್ಲ.

ನಾನು ಬರೆದದ್ದೆಲ್ಲ ನಿಜವೇ, ಅವ್ವ. ಈಗಲೂ ನಿಜವೇ. ಆದರೆ ಕೂಸು ಹೊರಗೆ ಬರುವ ತನಕ ನೀನು ಬರುವುದು ಬೇಡ. ಫೋನು ಬೇಡ. ಏನನ್ನೂ ಕಳಿಸಬೇಡ. ಟಿಕೆಟ್ ರದ್ದು ಮಾಡಿದ್ದೇನೆ.

ಸ್ವರೂಪ


ಡೆಸ್ ಪ್ಲೇನ್ಸ್
೨ ಏಪ್ರಿಲ್ ೨೦೨೪

ಸ್ವರೂಪಾ,

ಏನನ್ನೂ ಕಳಿಸಬೇಡ ಅಂದಿ, ಇದೊಂದು ಕಾಗದ ಕಳಿಸುತ್ತಿದ್ದೇನೆ. ಡ್ಯಾನ್ ತೆರೆದು ಹಿಡಿಯಲಿ, ನೀನು ಮುಟ್ಟದೇ ಓದು.

ನೀನು ಮಾಡಿದ್ದು ಸರಿ. ನಾನು ನಿನ್ನ ಜಾಗದಲ್ಲಿದ್ದರೆ ಹಾಗೇ ಮಾಡುತ್ತಿದ್ದೆ. ಮಗಳ ಮಾತು ಕೇಳಿ ಕುಣಿದೆ, ತಪ್ಪು ನನ್ನದು.

ಇವರಿಗೆ, ವಿಮಾನ ಹತ್ತಲು ಹೆದರಿಕೆಯಾಗುತ್ತದೆ, ಹೋಗುವುದಿಲ್ಲ ಅಂತ ಹೇಳಿದೆ. ಈರೇಶ ಹೊಟ್ಟೆ ಹಿಡಿದುಕೊಂಡು ನಕ್ಕ. "ನಂಗ ಗೊತ್ತಿತ್ತು ಅವ್ವ! ನಾ ಬೆಟ್ ಕಟ್ಟಿದ್ದೆ" ಅಂದ. ಚೇತನಾ ನಗಲಿಲ್ಲ. ಅವಳಿಗೆ ತಿಳಿಯಿತು. ಮೊಮ್ಮಗ ಆಗತಾನೇ ನಿದ್ದೆಯಿಂದ ಎದ್ದು ನನ್ನ ತೊಡೆಯ ಮೇಲೆ ಕುಳಿತಿದ್ದ. ಅವಳು ಬಂದು, "ನ್ಯಾಪ್ ಟೈಮ್ ಅತ್ತಿ" ಅಂತ ಅವನನ್ನು ಎತ್ತಿಕೊಂಡು ಹೋದಳು.

ಧೃತಿ ಫೋನು ಮಾಡುತ್ತಾಳೆ. ತೆಗೆಯುವುದಿಲ್ಲ. ಆ ಕೂಸು ಇನ್ನೂ ಎಳೆಯದು, ನನ್ನಿಂದ ಅದಕ್ಕೇನೂ ಆಗಬಾರದು.

ಮಲ್ಲಮ್ಮ


ಆಂಕರೇಜ್
೧೪ ಏಪ್ರಿಲ್ ೨೦೨೪

ಅವ್ವಾ,

ರಕ್ತ ನಿಂತಿದೆ. ತಿಂಗಳ ಕೊನೆಗೆ ಆಪರೇಷನ್ ಮಾಡಿ ಕೂಸನ್ನು ತೆಗೆಯುತ್ತಾರೆ.

ಇದನ್ನು ಹೇಗೆ ಬರೆಯಲಿ ಅಂತ ಗೊತ್ತಾಗದೇ ಹಾಳೆಗಳನ್ನು ಹರಿದು ಹಾಕಿದೆ. ಚೇತನಾ ಫೋನು ಮಾಡಿದ್ದಳು. ನಾನು ಅಳುತ್ತಿದ್ದೆ. ಹೊಟ್ಟೆ ಕೊಯ್ದ ಮೇಲೆ ನನಗೆ ಕೂಸನ್ನು ಎತ್ತಲೂ ಆಗುವುದಿಲ್ಲ, ಆ ಊರಿನಲ್ಲಿ ಯಾರನ್ನು ಕರೆಯಲಿ ಅಂದೆ. ಅವಳು, "ಅಕ್ಕಾ, ನಮ್ಮಮ್ಮನ್ನ ಕಳಿಸ್ಲಿ? ಷಿ ಈಸ್ ರಿಯಲೀ ಗುಡ್ ವಿತ್ ಬೇಬೀಸ್" ಅಂದಳು. ಫೋನನ್ನು ರುದ್ರಮ್ಮ ಆಂಟಿಯ ಕೈಗೇ ಕೊಟ್ಟಳು. "ಬರ್ತೀನಿ ತಂಗಿ, ಅಂಜಬ್ಯಾಡ. ನಾ ಇದ್ದೀನಿ" ಅಂದರು.

ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಅವರ ಕೈಯಲ್ಲಿ ಬಳೆ ಸದ್ದಾಗುವುದು ಫೋನಿನಲ್ಲಿ ಕೇಳುತ್ತಿತ್ತು, ಅದು ಕೇಳಿ ನನಗೆ ಧೈರ್ಯ ಬಂತು. ಅದಕ್ಕಾಗಿ ನೀನು ನನ್ನನ್ನು ಶಪಿಸಿದರೂ ಸರಿ. ಇಲ್ಲ, ಶಪಿಸಬೇಡ. ಈಗ ಬೇಡ.

ಬಾಣಂತಿಗೆ ಕೊಡುವ ಅಂಟಿನುಂಡಿ ಮಾಡುವುದು ಅವರಿಗೆ ಸರಿಯಾಗಿ ಬರುವುದಿಲ್ಲವಂತೆ. ನೀನು ಹೇಳಿಕೊಡುತ್ತೀಯಾ? ಹೇಳಿದರೆ ಸಾಕು.

ಸ್ವರೂಪ


ಡೆಸ್ ಪ್ಲೇನ್ಸ್
೮ ಮೇ ೨೦೨೪

ಸ್ವರೂಪಾ,

ಹೆಣ್ಣು ಅಂತ ಡ್ಯಾನ್ ಸ್ಪೀಕರಿನಲ್ಲಿ ಹೇಳಿದ. ಎಲ್ಲರೂ ಕೂಗಿದರು. ಹಿಂದಿನಿಂದ ಕೂಸು ಅಳುವುದು ಕೇಳಿಸಿತು. ಗಟ್ಟಿ ಗಂಟಲು. ನಾನು ಮಾತಾಡಲಿಲ್ಲ, ನನ್ನ ದನಿ ಅದಕ್ಕೆ ಕೇಳುವುದು ಬೇಡ ಅಂತ.

ರುದ್ರಮ್ಮ ನಾಳೆ ಹೊರಡುತ್ತಾಳೆ. ನಿಮ್ಮೂರಿನ ಬಣ್ಣದ ಹಾಳೆಯನ್ನು ನನ್ನಿಂದ ಇಸಿದುಕೊಂಡಿದ್ದಾಳೆ. "ತಿಮಿಂಗಲ ಕಾಣಸ್ತಾವಂತ್ರಿ!" ಅಂತ ಸಣ್ಣ ಹುಡುಗಿಯ ಹಾಗೆ ಓದುತ್ತಾ ಕೂತಿದ್ದಳು. ಹಿಮನದಿಯ ಎದುರು ಹಾಕಿಕೊಳ್ಳಲು ಕೆಂಪು ಕೋಟು ತಂದಿದ್ದಾಳೆ. ಚೆನ್ನಾಗಿದೆ.

ಇವತ್ತು ಅಂಟಿನುಂಡಿ ಮಾಡಿದೆವು. ಮಾಡಿದಳು ಅನ್ನಬೇಕು. ಒಲೆಯ ಹತ್ತಿರ ಅವಳು, ನಾನು ಕೌಂಟರಿನ ಈ ಕಡೆ ಸ್ಟೂಲಿನ ಮೇಲೆ. "ನೀವು ಬಾಯಿಲೆ ಹೇಳ್ರಿ ಸಾಕು" ಅಂದಳು. ಹೇಳಿದೆ. ಅಂಟನ್ನು ತುಪ್ಪದಲ್ಲಿ ಅರಳಿಸು, ಉತ್ತತ್ತಿ ಜಜ್ಜು, ಗಸಗಸೆ ಹುರಿ, ಕೊಬ್ಬರಿ ಹೆರೆ. "ಪಾಕ ಇಷ್ಟು ಸಾಕೇನ್ರಿ?" ಅಂತ ಸೌಟು ಎತ್ತಿ ತೋರಿಸಿದಳು. ಒಂದು ಸಲ ಬೆರಳಲ್ಲಿ ಹಿಡಿದು ನೋಡಬೇಕಿತ್ತು, ಬೆರಳು ತಾನಾಗಿಯೇ ಮುಂದೆ ಹೋಯಿತು. ಚೇತನಾ ಬಾಗಿಲಲ್ಲಿ ನಿಂತಿದ್ದಳು, "ಅತ್ತೀ" ಅಂದಳು. ಅಷ್ಟೇ ಅಂದಳು. ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ. "ಸಾಕ್ರಿ" ಅಂದೆ. ಇನ್ನೊಂದು ಎಳೆ ಬರಬೇಕಿತ್ತು.

ಅದಕ್ಕೇ ಉಂಡಿ ಮೆತ್ತಗಾಗಿವೆ, ಹಿಡಿದರೆ ಒಡೆಯುತ್ತವೆ. ಒಡೆದರೂ ತಿನ್ನು, ಗುಣ ಹೋಗುವುದಿಲ್ಲ. ನಾನು ಯಾವುದನ್ನೂ ಮುಟ್ಟಿಲ್ಲ, ಡಬ್ಬಿಯನ್ನೂ ಅವಳೇ ತೊಳೆದಳು. ಹೆದರಬೇಡ.

ಕೂಸಿಗೆ ಎರೆಯುವಾಗ ನೀರು ನೆತ್ತಿಯ ಮೇಲೆ ನೇರ ಬೀಳಬಾರದು, ಕೈ ಅಡ್ಡ ಹಿಡಿಯಬೇಕು. ರುದ್ರಮ್ಮನಿಗೆ ಹೇಳಿದ್ದೇನೆ. ಅವಳು ಮರೆಯುತ್ತಾಳೆ, ನೀನು ನೋಡುತ್ತಿರು. ಕೂಸನ್ನು ಕಿಟಕಿಯ ಹತ್ತಿರ ಮಲಗಿಸಬೇಡ. ನೀನು ಬೆನ್ನಿಗೆ ಗಾಳಿ ಬಿಡಬೇಡ.

ಫೋಟೋ ಕಳಿಸುತ್ತೇನೆ ಅಂತ ಡ್ಯಾನ್ ಅಂದ. ಈರೇಶನಿಗೆ ಕಳಿಸಲಿ. ನಾನು ನೋಡುವುದಿಲ್ಲ. ಕೈಯೊಂದೇ ಅಂತ ಹೇಗೆ ಹೇಳುವುದು, ಕಣ್ಣಿನದೂ ಇರಬಹುದು.

ಇದನ್ನು ರುದ್ರಮ್ಮನ ಚೀಲದಲ್ಲಿ ಬದಿಗೆ, ಬಟ್ಟೆಗೆ ತಾಗದ ಹಾಗೆ, ಪ್ಲಾಸ್ಟಿಕ್ಕಿನೊಳಗೆ ಇಡಿಸಿದ್ದೇನೆ. ಬರೆದದ್ದು ನಾನೇ ಆದ್ದರಿಂದ, ಓದಿದ ಮೇಲೆ ಸೋಪು ಹಚ್ಚಿ ಕೈ ತೊಳೆದುಕೋ. ಆಮೇಲೆ ಕೂಸನ್ನು ಎತ್ತಿಕೋ.

ಮಲ್ಲಮ್ಮ